ತಿಪ್ಪೆಯ ಕಾವು

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಊರು ಮುಗಿಯಿತು ಅನ್ನುವಷ್ಟರಲ್ಲಿ ಪೀರನವಾಡಿ ಬರುತ್ತಿತ್ತು. ಈಗ ಅಲ್ಲಿ ಊರು ಮುಗಿಯುವುದಿಲ್ಲ. ಮಚ್ಛೆಯವರೆಗೂ ಅಂಗಡಿ, ವರ್ಕ್‌ಶಾಪು, ಲೇಔಟುಗಳು ಬಂದಿವೆ. ಆದರೂ ದೊಡ್ಡ ರಸ್ತೆ ಬಿಟ್ಟು ಒಳಗೆ ನಡೆದರೆ ಭತ್ತದ ಗದ್ದೆಗಳಿವೆ, ಎಮ್ಮೆ ಕಟ್ಟಿದ ಮನೆಗಳಿವೆ, ಆ ಮನೆಗಳ ಹಿಂದೆ ತಿಪ್ಪೆಗಳಿವೆ. ಡಿಸೆಂಬರಿನ ಚಳಿಯಲ್ಲಿ ಯಾರಾದರೂ ಬೆಳಿಗ್ಗೆ ತಿಪ್ಪೆ ಬಗೆಯುತ್ತಿದ್ದರೆ ಒಳಗಿನಿಂದ ಬಿಳಿ ಹಬೆ ಏಳುವುದು ದೂರದಿಂದಲೇ ಕಾಣುತ್ತದೆ. ಹಾಗೆ ಗೊಬ್ಬರ ತೆಗೆಯುತ್ತಿದ್ದ ಹಿರಿಯರೊಬ್ಬರು, ನಾನು ಹತ್ತಿರ ಬಗ್ಗಿದ್ದನ್ನು ಕಂಡು, “ಕೈ ಹಾಕಬ್ಯಾಡ್ರಿ ಸರ, ಕಾವ ಹಿಡದೈತಿ” ಅಂದಿದ್ದರು.

ಕಾವು ಹಿಡಿಯುವುದು ನಮ್ಮ ಕಡೆಯ ಒಕ್ಕಲುತನಕ್ಕೆ ಹೊಸ ಸಂಗತಿಯಲ್ಲ. ಹಸಿ ಹುಲ್ಲನ್ನು ಬಣವಿ ಒಟ್ಟಬಾರದು, ಒಟ್ಟಿದರೆ ಕಾದು ಕೆಡುತ್ತದೆ, ಕೆಲವೊಮ್ಮೆ ತಾನೇ ಹೊತ್ತಿಕೊಳ್ಳುತ್ತದೆ ಎಂಬುದು ರೈತರಿಗೆ ಗೊತ್ತು. ತಿಪ್ಪೆಯ ಮೇಲ್ಪದರ ಸರಿಸಿದರೆ ಬೂದಿ ಚೆಲ್ಲಿದಂಥ ಬಿಳಿ ಹುಡಿ ಕಾಣುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಆಕ್ಟಿನೋಮೈಸೀಟ್ಸ್ ಎಂಬ ಎಳೆಎಳೆಯಾದ ಬ್ಯಾಕ್ಟೀರಿಯಾಗಳದು. ಅವುಗಳ ನಡುವೆ ಬೂಷ್ಟಿನ ಜಾತಿಗೆ ಸೇರಿದ ಕೆಲವು ನಿಜವಾದ ಶಿಲೀಂಧ್ರಗಳೂ ಇರುತ್ತವೆ. ನನ್ನ ಕುತೂಹಲವಿರುವುದು ಈ ಎರಡನೆಯವರ ಬಗ್ಗೆ.

ಏಕೆಂದರೆ ಬೂಷ್ಟು ಅಂದರೆ ನಮಗೆ ತಂಪು, ತೇವ, ಮಳೆಗಾಲ. ಖಾನಾಪುರದ ಮಳೆಯಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ, ಉಪ್ಪಿನಕಾಯಿಗೆ ಹತ್ತುವಂಥದ್ದು. ಹೆಸರಿಟ್ಟು ಗುರುತಿಸಿರುವ ಸಾವಿರಾರು ಶಿಲೀಂಧ್ರಗಳಲ್ಲಿ ಬಹುಪಾಲು 20ರಿಂದ 30 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಹಾಯಾಗಿರುತ್ತವೆ, 40 ದಾಟಿದರೆ ಸೊರಗುತ್ತವೆ. ಕೈ ಸುಡುವ ತಿಪ್ಪೆಯಲ್ಲಿ ಬೆಳೆಯುವವು ಬೆರಳೆಣಿಕೆಯಷ್ಟು, ಎಲ್ಲ ಸೇರಿ ಕೆಲವು ಹತ್ತು ಜಾತಿಗಳು. ಅವು ಬೇಯುವುದಿಲ್ಲ ಯಾಕೆ ಎಂಬ ಪ್ರಶ್ನೆಯ ಇತಿಹಾಸ ಸುಮಾರು ನೂರಿಪ್ಪತ್ತೈದು ವರ್ಷದ್ದು. ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಕನ್ನಡದಲ್ಲಿ ಅದನ್ನು ಯಾರೂ ಅಷ್ಟಾಗಿ ಹೇಳಿಲ್ಲವೆಂದು ಈ ಬರಹ.

ಮೊದಲು ಕಂಡವರು ರಷ್ಯದ ಪ್ರಸ್ಕೋವ್ಯಾ ತ್ಸಿಕ್ಲಿನ್‌ಸ್ಕಾಯಾ. ಹೆಣ್ಣುಮಕ್ಕಳಿಗೆ ಪ್ರಯೋಗಾಲಯದ ಬಾಗಿಲು ಇನ್ನೂ ಸರಿಯಾಗಿ ತೆರೆದಿರದ ಕಾಲದಲ್ಲಿ ಬ್ಯಾಕ್ಟೀರಿಯಾಶಾಸ್ತ್ರ ಕಲಿತ ಹೆಂಗಸು. ತೋಟದ ಮಣ್ಣು ಸೋಂಕಿಸಿದ ಆಲೂಗಡ್ಡೆಯ ತುಂಡಿನ ಮೇಲೆ, ಬಿಸಿಯಲ್ಲಿ, ಬೇರೇನನ್ನೋ ಬೆಳೆಸಲು ಹೋದಾಗ ಒಂದು ಬೂಷ್ಟು ತಾನಾಗಿ ಬಂತು. 1899ರಲ್ಲಿ ಅವರು ಅದಕ್ಕೆ ಥರ್ಮೊಮೈಸಿಸ್ ಲ್ಯಾನುಜಿನೋಸಸ್ ಎಂದು ಹೆಸರಿಟ್ಟರು. ಬಿಸಿಯ ಬೂಷ್ಟು, ಉಣ್ಣೆಯಂಥದ್ದು ಎಂದು ಅರ್ಥ. ಉದ್ದ ಹೆಸರು, ಆದರೆ ನೆನಪಿನಲ್ಲಿಟ್ಟುಕೊಳ್ಳಿ. ಈ ಕತೆಯಲ್ಲಿ ಅದು ಮತ್ತೆಮತ್ತೆ ಬರುತ್ತದೆ. ಅದಕ್ಕೂ ಮೊದಲು, 1886ರಲ್ಲಿ, ಲಿಂಟ್ ಎಂಬಾತ ಬ್ರೆಡ್ಡಿನ ಮೇಲೆ ಕಂಡ ಮ್ಯೂಕರ್ ಪ್ಯುಸಿಲಸ್ ಕೂಡ ಬಿಸಿ ಪ್ರಿಯವೇ. ಎರಡನ್ನೂ ಆಗ ಜನ ವಿಚಿತ್ರವೆಂದು ನೋಡಿ ಬಿಟ್ಟರು.

ಬಣವಿಯ ರಹಸ್ಯಕ್ಕೆ ಕೈ ಹಾಕಿದವನು ಜರ್ಮನಿಯ ಸಸ್ಯವಿಜ್ಞಾನಿ ಹ್ಯೂಗೋ ಮೀಹೆ. ಅಲ್ಲಿಯೂ ಹುಲ್ಲಿನ ಬಣವೆಗಳು ತಾವಾಗಿ ಹೊತ್ತಿ ಉರಿಯುತ್ತಿದ್ದವು. ಮೀಹೆ ಮಾಡಿದ ಪ್ರಯೋಗ ಬಹಳ ಸರಳ. ಒದ್ದೆ ಹುಲ್ಲನ್ನು ಕ್ರಿಮಿಶುದ್ಧ ಮಾಡಿ ಇಟ್ಟ, ಅದು ಬಿಸಿಯಾಗಲಿಲ್ಲ. ಅಂಥದೇ ಹುಲ್ಲಿಗೆ ಸೂಕ್ಷ್ಮಜೀವಿಗಳನ್ನು ಬಿತ್ತಿದ, ಬಿಸಿಯಾಯಿತು. ಅಂದರೆ ಕಾವು ಹುಲ್ಲಿನ ಗುಣವಲ್ಲ, ಹುಲ್ಲನ್ನು ತಿನ್ನುವವರ ಉಸಿರಿನದು. ಮೊದಲು ಸಾಮಾನ್ಯ ಜೀವಿಗಳು ತಿಂದು ಬಿಸಿ ಏರಿಸುತ್ತವೆ, ತಾವೇ ಏರಿಸಿದ ಬಿಸಿಗೆ ತಾವೇ ಸಾಯುತ್ತವೆ, ಆಮೇಲೆ ಬಿಸಿ ತಾಳುವವರು ಬಂದು ಮುಂದುವರಿಸುತ್ತಾರೆ. 1907ರಲ್ಲಿ ಬಂದ ಅವನ ಪುಸ್ತಕ ಇಂದಿಗೂ ಈ ವಿದ್ಯೆಯ ಅಡಿಗಲ್ಲು. ಅವನ ಹೆಸರಿನಲ್ಲಿ ಮುಂದೆ ಒಂದು ಶಿಲೀಂಧ್ರಕ್ಕೆ ಮೀಹೈ ಎಂದು ನಾಮಕರಣವಾಯಿತು. ಪಿಜ್ಜಾ ಮೇಲಿನ ಸಸ್ಯಾಹಾರಿ ಚೀಸಿಗೆ ಹಾಲು ಹೆಪ್ಪುಗಟ್ಟಿಸುವ ಕಿಣ್ವ ಅನೇಕ ಕಡೆ ಆ ಮೀಹೈಯಿಂದಲೇ ಬರುತ್ತದೆ. ಕರುವಿನ ಹೊಟ್ಟೆಯ ಕಿಣ್ವ ಬೇಡವೆನ್ನುವವರನ್ನು ಕಾಪಾಡಿದ್ದು ಬಣವೆಯ ಬೂಷ್ಟು.

1920ರಲ್ಲಿ ಕುರ್ಟ್ ನೋಆಕ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ ಇದೇ ಶಿಲೀಂಧ್ರಗಳನ್ನು ಬೇರೆಬೇರೆ ಜಾಗಗಳಲ್ಲಿ ಹುಡುಕಿ ಬೆರಗಾದ. ತಣ್ಣಗಿನ ಮಣ್ಣಿನಲ್ಲೂ ಇವು ಸಿಗುತ್ತಿದ್ದವು! ಬೆಳೆಯಲು 40–50 ಡಿಗ್ರಿ ಕೇಳುವ ಜೀವಿಗೆ, ವರ್ಷದಲ್ಲಿ ಎಂದೋ ಒಮ್ಮೆ ಅಷ್ಟು ಬಿಸಿಯಾಗುವ ನೆಲದಲ್ಲಿ ಏನು ಕೆಲಸ? ಈ ಪ್ರಶ್ನೆಗೆ ಉತ್ತರ ಬರಲು ಎಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ನಡುವಿನ ಕಾಲದಲ್ಲಿ ತಿಪ್ಪೆಯ ವಿದ್ಯೆ ಭಾರತದಲ್ಲೇ ಬೆಳೆಯಿತು. ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ಯಶವಂತ ವಾಡ್ ಜೊತೆಗೂಡಿ ಗೊಬ್ಬರದ ರಾಶಿಗೆ ಲೆಕ್ಕ ಹಾಕಿದರು. ಎಷ್ಟು ಸೆಗಣಿ, ಎಷ್ಟು ಕಸ, ಯಾವಾಗ ಮಗುಚಬೇಕು ಎಂಬುದೆಲ್ಲ 1931ರ ಅವರ ಪುಸ್ತಕದಲ್ಲಿದೆ. ಹೋವರ್ಡ್ ವೃತ್ತಿ ಆರಂಭಿಸಿದ್ದೇ ಶಿಲೀಂಧ್ರ ತಜ್ಞನಾಗಿ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಊರಿನ ಕಸ ಮತ್ತು ಮಲವನ್ನು ಕಂದಕದಲ್ಲಿ ಪದರಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ ಕೊಳೆಸುವ ಕ್ರಮ ರೂಪಿಸಿದರು. ಲೋಕದ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು. ಐಟಿಗೂ ಮುಂಚೆ ಬೆಂಗಳೂರು ಗೊಬ್ಬರಕ್ಕೆ ಹೆಸರಾಗಿತ್ತು ಅಂದರೆ ಈಗಿನ ಹುಡುಗರು ನಗುತ್ತಾರೆ. ಇವರೆಲ್ಲರ ಗಮನ ಇದ್ದದ್ದು ಗೊಬ್ಬರ ಚೆನ್ನಾಗಿ ಬರಬೇಕು, ರೋಗಾಣು ಸಾಯಬೇಕು ಎಂಬುದರ ಮೇಲೆ. ಒಳಗಿರುವ ಬೂಷ್ಟು ಹೇಗೆ ಬದುಕಿದೆ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ.

ಅದನ್ನು ಪ್ರಶ್ನೆಯಾಗಿಸಿದ್ದು ಎರಡನೆಯ ಮಹಾಯುದ್ಧ. ಜಪಾನ್ ಆಗ್ನೇಯ ಏಷ್ಯಾವನ್ನು ಹಿಡಿದ ಮೇಲೆ ಅಮೆರಿಕಕ್ಕೆ ರಬ್ಬರು ನಿಂತುಹೋಯಿತು. ಗ್ವಾಯೂಲೆ ಎಂಬ ಮರುಭೂಮಿಯ ಪೊದೆಯಿಂದ ರಬ್ಬರು ತೆಗೆಯಲು ಕ್ಯಾಲಿಫೋರ್ನಿಯದಲ್ಲಿ ದೊಡ್ಡ ಪ್ರಯತ್ನ ನಡೆಯಿತು. ಗ್ವಾಯೂಲೆ ನಮ್ಮ ಹಿತ್ತಿಲುಗಳನ್ನು ತುಂಬಿರುವ ಕಾಂಗ್ರೆಸ್ ಕಸದ ಹತ್ತಿರದ ಬಂಧು, ಎರಡೂ ಪಾರ್ಥೇನಿಯಂ ಕುಲದವು. ಕತ್ತರಿಸಿದ ಪೊದೆಯನ್ನು ರಾಶಿ ಹಾಕಿ ಕೊಳೆಯಲು ಬಿಟ್ಟರೆ ರಾಶಿ ಕಾಯುತ್ತಿತ್ತು, ಅಂಟು ಕಡಿಮೆಯಾಗಿ ರಬ್ಬರಿನ ಗುಣ ಸುಧಾರಿಸುತ್ತಿತ್ತು. ಯಾಕೆಂದು ನೋಡಲು ಹೋದವರು ಪಾಲ್ ಅಲೆನ್ ಮತ್ತು ರಾಲ್ಫ್ ಎಮರ್ಸನ್. ರಾಶಿಯೊಳಗೆ ಬಿಸಿ ಪ್ರಿಯ ಶಿಲೀಂಧ್ರಗಳ ಒಂದು ಇಡೀ ಬಳಗವೇ ಅವರಿಗೆ ಸಿಕ್ಕಿತು. ಯುದ್ಧ ಮುಗಿದು ರಬ್ಬರಿನ ಯೋಜನೆ ಸತ್ತರೂ ಎಮರ್ಸನ್ ಆ ಬಳಗವನ್ನು ಬಿಡಲಿಲ್ಲ. 1964ರಲ್ಲಿ ಡೊನಾಲ್ಡ್ ಕೂನಿ ಜೊತೆ ಅವರು ಬರೆದ ಪುಸ್ತಕ ಒಂದು ಗೆರೆ ಎಳೆಯಿತು. 20 ಡಿಗ್ರಿಗಿಂತ ಕೆಳಗೆ ಬೆಳೆಯಲಾರದ್ದು, 50ರಲ್ಲಿ ಅಥವಾ ಅದಕ್ಕೂ ಮೇಲೆ ಬೆಳೆಯಬಲ್ಲದ್ದು ಬಿಸಿ ಪ್ರಿಯ ಶಿಲೀಂಧ್ರ. ಈ ವ್ಯಾಖ್ಯೆ ಇನ್ನೂ ಬಳಕೆಯಲ್ಲಿದೆ.

ಅಲೆನ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದರು. ಅವರ ಜೊತೆ 1960ರ ದಶಕದಲ್ಲಿ ಗಿಡಗಳ ತುಕ್ಕುರೋಗದ ಶಿಲೀಂಧ್ರದ ಮೇಲೆ ಕೆಲಸ ಮಾಡಿದ ಭಾರತೀಯ ತರುಣ ರಮೇಶ್ ಮಹೇಶ್ವರಿ. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಬಿಸಿ ಪ್ರಿಯ ಶಿಲೀಂಧ್ರಗಳನ್ನು ಹಿಡಿದು ದಶಕಗಳ ಕಾಲ ಕೂತರು. ಆಚಾರ್ಯರ ಕಂದಕದ ಸಂಸ್ಥೆಯಲ್ಲೇ, ಈ ಸಲ ಗೊಬ್ಬರಕ್ಕಾಗಿ ಅಲ್ಲ, ಬೂಷ್ಟಿಗಾಗಿ.

ಮುಂದಿನ ಮಾತಿಗೆ ಹೋಗುವ ಮುನ್ನ ಅಡಿಗೆಮನೆಗೆ ಬರಬೇಕು. ಬೆಳಗಾವಿಯ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ಬಿಸಿಲಿಗಿಟ್ಟು ತಲೆಗೆ ಹಚ್ಚಿಕೊಳ್ಳಬೇಕು. ಅದೇ ಕಟ್ಟೆಯ ಮೇಲಿನ ಶೇಂಗಾ ಎಣ್ಣೆ ಹರಿಯುತ್ತಲೇ ಇರುತ್ತದೆ. ಎರಡೂ ಎಣ್ಣೆಯೇ. ವ್ಯತ್ಯಾಸ ಅವುಗಳ ಕೊಬ್ಬಿನಾಮ್ಲಗಳಲ್ಲಿದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳು ಹೆಚ್ಚಾಗಿ ಪರ್ಯಾಪ್ತ, ಅಂದರೆ ನೆಟ್ಟಗಿನ ಸರಪಳಿಗಳು. ಕಟ್ಟಿಗೆಯ ಹೊರೆಯಲ್ಲಿ ನೆಟ್ಟನೆಯ ಕೋಲುಗಳು ಕೂತಂತೆ ಒತ್ತಾಗಿ ಕೂತು ಬೇಗ ಗಟ್ಟಿಯಾಗುತ್ತವೆ. ಶೇಂಗಾ ಎಣ್ಣೆಯಲ್ಲಿ ಅಪರ್ಯಾಪ್ತವಾದವು ಹೆಚ್ಚು. ಸರಪಳಿಯ ನಡುವೆ ದ್ವಿಬಂಧವಿದ್ದಲ್ಲಿ ಅದು ಬಾಗಿರುತ್ತದೆ, ಡೊಂಕು ಕೋಲುಗಳ ಹೊರೆಯಂತೆ ಸಂದು ಉಳಿದು ಸಡಿಲವಾಗಿರುತ್ತದೆ.

ಪ್ರತಿ ಜೀವಕೋಶವನ್ನೂ ಸುತ್ತಿರುವ ಪೊರೆ ಇಂಥ ಕೊಬ್ಬಿನದೇ. ಎರಡು ಪದರ, ಕೆಲವೇ ನ್ಯಾನೋಮೀಟರ್ ದಪ್ಪ. ಅದು ಬರಿಯ ಗೋಡೆಯಲ್ಲ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ತೋರಿಸಿಕೊಟ್ಟ ಚಿತ್ರದಲ್ಲಿ ಪೊರೆ ಒಂದು ತೆಳು ಎಣ್ಣೆಯ ಕೆರೆ, ಅದರಲ್ಲಿ ಪ್ರೋಟೀನುಗಳು ತೇಲುತ್ತವೆ. ಸಕ್ಕರೆಯನ್ನು ಒಳಗೆ ತರುವವು, ಉಪ್ಪನ್ನು ಹೊರಗೆ ಹಾಕುವವು, ಉಸಿರಾಟದ ಕೆಲಸ ಮಾಡುವವು ಅವೇ. ಕೆರೆ ಹೆಪ್ಪುಗಟ್ಟಿದರೆ ಪ್ರೋಟೀನುಗಳು ಕದಲಲಾರವು, ಅನ್ನ ಒಳಗೆ ಬರದು. ತೀರ ನೀರಾದರೆ ಒಳಗಿನದು ಹೊರಗೆ ಸೋರುತ್ತದೆ. ಆದ್ದರಿಂದ ಜೀವಿ ತನ್ನ ಪೊರೆಯನ್ನು ಸದಾ ಒಂದು ಹದದಲ್ಲಿ ಇಟ್ಟುಕೊಳ್ಳಬೇಕು. ಚಳಿ ಬಂದರೆ ಡೊಂಕು ಸರಪಳಿಗಳನ್ನು ಹೆಚ್ಚಿಸಬೇಕು, ಬಿಸಿಯಾದರೆ ನೆಟ್ಟನೆಯವನ್ನು. 1974ರಲ್ಲಿ ಸಿನೆನ್‌ಸ್ಕಿ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾ ಇದನ್ನೇ ಮಾಡುವುದನ್ನು ಅಳೆದು ತೋರಿಸಿ ಹೋಮಿಯೋವಿಸ್ಕಸ್ ಅಡಾಪ್ಟೇಶನ್ ಎಂದು ಕರೆದರು. ಹದ ಕಾಯ್ದುಕೊಳ್ಳುವ ಹೊಂದಾಣಿಕೆ ಅನ್ನೋಣ. ಫ್ರಿಜ್ಜಿನಲ್ಲಿಟ್ಟ ಅನ್ನಕ್ಕೆ ಬೂಷ್ಟು ಹತ್ತುವುದೂ, ಹಿಮದ ನಾಡಿನ ಶಿಲೀಂಧ್ರಗಳ ಪೊರೆಯಲ್ಲಿ ಲಿನೋಲೆನಿಕ್ ಆಮ್ಲದಂಥ ಬಹಳ ಡೊಂಕಾದ ಸರಪಳಿಗಳು ತುಂಬಿರುವುದೂ ಇದೇ ಲೆಕ್ಕ.

ಹಾಗಾದರೆ ತಿಪ್ಪೆಯ ಬೂಷ್ಟು? ಅದರ ಪೊರೆ ಬಿಸಿಗೆ ತಕ್ಕಂತೆ ಗಟ್ಟಿ ಕೊಬ್ಬಿನದಾಗಿರಬೇಕು ಎಂದು ಊಹಿಸುವುದು ಸುಲಭ. ಊಹೆ ಬಹುಮಟ್ಟಿಗೆ ಸರಿಯೇ. ಕುತೂಹಲದ ವಿಷಯ ಮುಂದಿನದು. ಗಟ್ಟಿ ಕೊಬ್ಬಿನವನು ತಂಪಿಗೆ ಬಂದರೆ ಏನಾಗುತ್ತಾನೆ?

ಮಹೇಶ್ವರಿ ಮತ್ತವರ ವಿದ್ಯಾರ್ಥಿಗಳು ಹಿಡಿದದ್ದು ಈ ತುದಿಯನ್ನು. 1979ರಲ್ಲಿ ಪ್ರಸಾದ್, ಕುರುಪ್ ಮತ್ತು ಮಹೇಶ್ವರಿ ಥರ್ಮೊಮೈಸಿಸ್‌ನ ಉಸಿರಾಟವನ್ನು ಆಸ್ಪರ್ಜಿಲಸ್ ನೈಜರ್ ಎಂಬ ಸಾಧಾರಣ ಕಪ್ಪು ಬೂಷ್ಟಿನ ಉಸಿರಾಟದ ಪಕ್ಕದಲ್ಲಿಟ್ಟು ನೋಡಿದರು. ಈರುಳ್ಳಿಯ ಸಿಪ್ಪೆಯ ಮೇಲೆ ನೀವು ದಿನಾ ನೋಡುವ ಮಸಿಯಂಥದ್ದೇ ಆ ಕುಲದ್ದು. ಸಾಧಾರಣದವನು ಚಳಿ ಬಿಸಿ ಏನೇ ಬಂದರೂ ಉಸಿರಾಟದ ವೇಗವನ್ನು ಹೆಚ್ಚುಕಡಿಮೆ ಒಂದೇ ಸಮ ಇಟ್ಟುಕೊಂಡ. ತಿಪ್ಪೆಯವನ ಉಸಿರು ಮಾತ್ರ ತಾಪಮಾನ ಇಳಿದಂತೆ ಇಳಿಯಿತು. ಬಿಸಿಯಲ್ಲಿ ಹುಲಿ, ತಂಪಿನಲ್ಲಿ ತೂಕಡಿಸುವವ.

1983ರಲ್ಲಿ ರೈಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಟಲರೋಮೈಸಿಸ್ ಥರ್ಮೋಫಿಲಸ್ ಎಂಬ ಇನ್ನೊಂದು ಬಿಸಿ ಪ್ರಿಯ ಶಿಲೀಂಧ್ರದ ಕೊಬ್ಬನ್ನು ಅಳೆದರು. ತಾಪಮಾನ ಇಳಿಸಿದರೂ ಅದರ ಪೊರೆಯ ಅಪರ್ಯಾಪ್ತ ಪಾಲು ಬದಲಾಗಲಿಲ್ಲ. ಹದ ಬದಲಿಸುವ ವಿದ್ಯೆಯನ್ನೇ ಅದು ಕಳೆದುಕೊಂಡಿದೆ, ಅದಕ್ಕೇ ತಂಪಿನಲ್ಲಿ ಬೆಳೆಯಲಾರದು ಎಂದು ಅವರು ವಾದಿಸಿದರು. ಕೇಳಲು ಅಚ್ಚುಕಟ್ಟಾದ ವಾದ. ಆದರೆ ಬೆಂಗಳೂರಿನ ಥರ್ಮೊಮೈಸಿಸ್ ಬೇರೆ ಸಾಕ್ಷಿ ನುಡಿಯಿತು. 50 ಡಿಗ್ರಿಯಲ್ಲಿ ಬೆಳೆಸಿದ್ದಕ್ಕಿಂತ 30ರಲ್ಲಿ ಬೆಳೆಸಿದ್ದರ ಕೊಬ್ಬಿನಲ್ಲಿ ಲಿನೋಲಿಕ್ ಆಮ್ಲ ಸುಮಾರು ಎರಡರಷ್ಟಿತ್ತು. ಲಿನೋಲಿಕ್ ಅಂದರೆ ಎರಡು ಕಡೆ ಬಾಗಿದ ಸರಪಳಿ, ಶೇಂಗಾ ಎಣ್ಣೆಯಲ್ಲೂ ಇರುವಂಥದ್ದು. ಅಂದರೆ ಈ ಬೂಷ್ಟಿಗೆ ವಿದ್ಯೆ ಗೊತ್ತು. ಒಂದು ಮಿತಿಯೊಳಗೆ ಮಾತ್ರ. ಒಂದೇ ತಿಪ್ಪೆಯ ಇಬ್ಬರು ನಿವಾಸಿಗಳಿಗೆ ಒಂದೇ ನಿಯಮ ಹೊಂದುವುದಿಲ್ಲ ಎಂಬುದು ನನಗೆ ಈ ಇಡೀ ಸಾಹಿತ್ಯದಲ್ಲಿ ಅತಿ ಇಷ್ಟವಾದ ಸಂಗತಿ. ಪಠ್ಯಪುಸ್ತಕಗಳು ‘ಶಿಲೀಂಧ್ರಗಳು ಬಿಸಿಗೆ ಹೀಗೆ ಹೊಂದಿಕೊಳ್ಳುತ್ತವೆ’ ಎಂದು ಬಹುವಚನದಲ್ಲಿ ಬರೆದು ಮುಗಿಸುತ್ತವೆ.

ಕೊಬ್ಬಿನಾಮ್ಲ ಒಂದೇ ಅಲ್ಲ, ಬೇರೆ ಉಪಾಯಗಳೂ ಇವೆ. ಟ್ರೆಹಲೋಸ್ ಎಂಬ ಸಕ್ಕರೆ ಬಿಸಿಯಲ್ಲಿ, ಒಣಗಿನಲ್ಲಿ ಪೊರೆಯನ್ನೂ ಪ್ರೋಟೀನನ್ನೂ ಕಾಯುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ಪ್ರಸಾದ್ ಮತ್ತು ಮಹೇಶ್ವರಿ 1978ರಲ್ಲೇ ಥರ್ಮೊಮೈಸಿಸ್‌ನಲ್ಲಿ ಅಭ್ಯಾಸ ಮಾಡಿದ್ದರು. ಈಚಿನ ವರ್ಷಗಳಲ್ಲಿ ಮಾಸ್ಕೋದ ವಿನೋಗ್ರಾಡ್‌ಸ್ಕಿ ಸಂಸ್ಥೆಯ ವೆರಾ ತೆರೆಶಿನಾ ಮತ್ತು ಸಂಗಡಿಗರು, ಬಿಸಿ ಪ್ರಿಯ ಶಿಲೀಂಧ್ರಗಳಲ್ಲಿ ಈ ಸಕ್ಕರೆ ಯಾವಾಗಲೂ ಧಾರಾಳವಾಗಿರುತ್ತದೆ, ಪೊರೆಯಲ್ಲಿ ಫಾಸ್ಫಾಟಿಡಿಕ್ ಆಮ್ಲ ಮತ್ತು ಸ್ಟೆರಾಲುಗಳು ಹೆಚ್ಚಿರುತ್ತವೆ ಎಂದು ತೋರಿಸಿದ್ದಾರೆ. ಸಾಧಾರಣ ಬೂಷ್ಟು ಬಿಸಿ ತಗುಲಿದ ಮೇಲೆ ಮಾಡುವ ಸಿದ್ಧತೆಯನ್ನು ತಿಪ್ಪೆಯವನು ಮೊದಲೇ ಮಾಡಿಟ್ಟುಕೊಂಡಿರುತ್ತಾನೆ.

ಎಷ್ಟು ಸಿದ್ಧತೆ ಮಾಡಿದರೂ ಒಂದು ಮೇಲ್ಮಿತಿ ಇದೆ. 1972ರಲ್ಲಿ, ಪೊರೆಯ ಹೊಸ ಚಿತ್ರ ಬಂದ ವರ್ಷವೇ, ಟ್ಯಾನ್ಸಿ ಮತ್ತು ಬ್ರಾಕ್ ಆ ಮಿತಿಯನ್ನು ಸುಮಾರು 60–62 ಡಿಗ್ರಿ ಎಂದು ಗುರುತಿಸಿದರು. ಬ್ರಾಕ್ ಅಂದರೆ ಅಮೆರಿಕದ ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಯಿಂದ ಒಂದು ಬ್ಯಾಕ್ಟೀರಿಯಾ ಹೆಕ್ಕಿದ ಥಾಮಸ್ ಬ್ರಾಕ್. ಅದರ ಕಿಣ್ವದಿಂದಲೇ ಮುಂದೆ ಪಿಸಿಆರ್ ಪರೀಕ್ಷೆ ಬೆಳೆಯಿತು. ಬ್ಯಾಕ್ಟೀರಿಯಾಗಳಿಗೂ ಆರ್ಕಿಯಾಗಳಿಗೂ ಇನ್ನೂ ಬಹಳ ಮೇಲೆ ಬದುಕಲು ಸಾಧ್ಯ. ಶಿಲೀಂಧ್ರ, ಗಿಡ, ಪ್ರಾಣಿ ಯಾರಿಗೂ ಅದು ಆಗುವುದಿಲ್ಲ. ಯಾಕೆ? ನಮ್ಮೆಲ್ಲರ ಜೀವಕೋಶದೊಳಗೆ ಮೈಟೋಕಾಂಡ್ರಿಯ, ಕೋಶಕೇಂದ್ರ ಎಂದು ಒಳಕೋಣೆಗಳಿವೆ, ಅವುಗಳಿಗೂ ಪೊರೆಯ ಗೋಡೆ. ಬಿಸಿಗೆ ಗಟ್ಟಿಯಾಗಿಯೂ ಇದ್ದು, ದೊಡ್ಡ ವಸ್ತುಗಳು ಓಡಾಡುವಷ್ಟು ಸಡಿಲವಾಗಿಯೂ ಇರುವ ಒಳಪೊರೆ ಮಾಡಲಾಗದೇ ಇರುವುದೇ ಕಾರಣವಿರಬೇಕು ಎಂದು ಅವರು ಸೂಚಿಸಿದರು. ಕೋಣೆಗಳ ಮನೆ ಕಟ್ಟಿದ್ದಕ್ಕೆ ತೆತ್ತ ಬೆಲೆ.

ಈಗ ನೋಆಕ್‌ನ ಪ್ರಶ್ನೆಗೆ ಬರೋಣ. ಭಾರತದಂಥ ಬಿಸಿ ದೇಶದಲ್ಲಿ ಅದು ಇನ್ನೂ ಸಹಜ ಪ್ರಶ್ನೆ. ಇಲ್ಲಿ ಯಾವ ಹೊಲದ ಮಣ್ಣು ತಂದು 50 ಡಿಗ್ರಿಯಲ್ಲಿಟ್ಟರೂ ಬಿಸಿ ಪ್ರಿಯ ಬೂಷ್ಟು ಎದ್ದುಬರುತ್ತದೆ. ಬಿಸಿಲಿಗೆ ಕಾದ ನಮ್ಮ ನೆಲವೇ ಅದರ ತವರು ಎಂದು ಯಾರಿಗಾದರೂ ಅನ್ನಿಸುತ್ತದೆ. 1993ರಲ್ಲಿ ಬೆಂಗಳೂರಿನಿಂದ ರಾಜಶೇಖರನ್ ಮತ್ತು ಮಹೇಶ್ವರಿ ಪ್ರಕಟಿಸಿದ ಪ್ರಬಂಧ ಈ ಅನ್ನಿಸಿಕೆಯನ್ನು ಪರೀಕ್ಷಿಸಿತು. ಇವು ನಿಜವಾಗಿ ಮಣ್ಣಿನಲ್ಲಿ ಬೆಳೆಯುತ್ತವೆಯೇ, ಅಥವಾ ಸುಮ್ಮನೆ ಬಿದ್ದಿವೆಯೇ? ಅವರು ಕಂಡಂತೆ ಸಾಧಾರಣ ಶಿಲೀಂಧ್ರಗಳಿರುವ ಮಣ್ಣಿನಲ್ಲಿ ಪೈಪೋಟಿ ಮಾಡಿ ಬೆಳೆಯುವ ಶಕ್ತಿ ಇವಕ್ಕಿಲ್ಲ. ಸ್ವಲ್ಪ ಯೋಚಿಸಿದರೆ ನಮಗೂ ತಿಳಿಯುತ್ತದೆ. ಏಪ್ರಿಲ್‌ನಲ್ಲಿ ನೆಲ ಕಾಯುತ್ತದೆ, ಆಗ ತೇವವಿಲ್ಲ. ಜುಲೈನಲ್ಲಿ ತೇವವಿದೆ, ಆಗ ಕಾವಿಲ್ಲ. ಕಾವು, ತೇವ, ತಿನ್ನಲು ಬೇಕಾದಷ್ಟು, ಈ ಮೂರೂ ಒಟ್ಟಿಗೆ ದಿನಗಟ್ಟಲೆ ಇರುವ ಜಾಗ ಕೊಳೆಯುವ ರಾಶಿ ಒಂದೇ. ಮಣ್ಣಿನಲ್ಲಿ ಸಿಗುವ ಬೀಜಕಗಳು ಅಂಥ ರಾಶಿಗಳಿಂದ ಗಾಳಿಯಲ್ಲಿ ಹಾರಿ, ಗೊಬ್ಬರದ ಜೊತೆ ಬಂದು ಬಿದ್ದವು ಎಂಬ ತೀರ್ಮಾನವನ್ನು ಮಹೇಶ್ವರಿ, ಗಿರೀಶ್ ಭಾರದ್ವಾಜ್ ಮತ್ತು ಎಂ. ಕೆ. ಭಟ್ ಬರೆದ 2000ದ ದೊಡ್ಡ ಸಮೀಕ್ಷೆಯೂ ಎತ್ತಿಹಿಡಿಯಿತು.

ನನಗೆ ಇದು ವಿಜ್ಞಾನಕ್ಕಿಂತ ಚರಿತ್ರೆಯ ಮಾತಾಗಿ ಕೇಳಿಸುತ್ತದೆ. ಕಾಡಿನಲ್ಲಿ ಎಲೆಗಳು ಬಿದ್ದಲ್ಲಿ ತೆಳುವಾಗಿ ಹರಡಿ ಕೊಳೆಯುತ್ತವೆ. ಅಲ್ಲಿ ಅಷ್ಟು ಕಾವು ಕೂಡುವುದು ಅಪರೂಪ. ಒಂದೇ ಕಡೆ ಒಟ್ಟುವ ಪದ್ಧತಿ ಮನುಷ್ಯನದು. ದನ ಸಾಕಿ, ಬೆಳೆ ಬೆಳೆದು, ತಿಪ್ಪೆ ಹಾಕಿ, ಬಣವಿ ಒಟ್ಟಿ ನಾವು ಈ ಬೂಷ್ಟುಗಳಿಗೆ ಸಾವಿರಾರು ವರ್ಷ ಮನೆ ಕಟ್ಟಿಕೊಟ್ಟಿದ್ದೇವೆ. ಈಚೆಗೆ ನಮ್ಮ ಬೆಳಗಾವಿ ಜಿಲ್ಲೆ ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ ಕಬ್ಬಿನ ಸಿಪ್ಪೆಯ ಗುಡ್ಡಗಳನ್ನೇ ಕಟ್ಟಿಕೊಡುತ್ತಿದೆ. ಥರ್ಮೊಮೈಸಿಸ್ ಕೂಡ ಸುಮ್ಮನೆ ಕೂತಿಲ್ಲ. ಕೊಬ್ಬು ಒಡೆಯುವ ಅದರ ಕಿಣ್ವವನ್ನು 1980ರ ದಶಕದ ಕೊನೆಯಿಂದ ಬಟ್ಟೆ ಸೋಪಿನ ಪುಡಿಗೆ ಬೆರೆಸುತ್ತಾರೆ. ಅಂಗಿಯ ಕಾಲರಿನ ಜಿಡ್ಡು ಹೋಗುವುದರಲ್ಲಿ ತ್ಸಿಕ್ಲಿನ್‌ಸ್ಕಾಯಾ ಅವರ ಆಲೂಗಡ್ಡೆಯ ಪಾಲಿದೆ.

ಇಷ್ಟರಲ್ಲೇ ನಿಂತಿದ್ದರೆ ಇದು ಹಿತವಾದ ಕತೆ. ಆದರೆ ಪೊರೆಯ ಕತೆ 2021ರ ಮೇ ತಿಂಗಳಲ್ಲಿ ನಮ್ಮ ಓಣಿಗೂ ಬಂತು. ಕೋವಿಡ್‌ನಿಂದ ಎದ್ದ, ಸಕ್ಕರೆ ಕಾಯಿಲೆಯ ಹಿರಿಯರೊಬ್ಬರಿಗೆ ಕೆನ್ನೆ ಊದಿತು, ಕಣ್ಣು ಮಂಜಾಯಿತು. ‘ಕಪ್ಪು ಶಿಲೀಂಧ್ರ’ ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ಕರ್ನಾಟಕ ಸರಕಾರ ಅದೇ ತಿಂಗಳು ಮ್ಯೂಕರ್‌ಮೈಕೋಸಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಮನೆಯವರು ಔಷಧಕ್ಕಾಗಿ ಗೋವಾಕ್ಕೂ ಪುಣೆಗೂ ಫೋನು ಮಾಡುತ್ತ ಕೂತದ್ದು ನೆನಪಿದೆ. ಎಲ್ಲೂ ಸಿಗುತ್ತಿರಲಿಲ್ಲ, ದೇಶದಲ್ಲೇ ಕೊರತೆಯಿತ್ತು. ಆ ಔಷಧದ ಹೆಸರು ಆಂಫೊಟೆರಿಸಿನ್ ಬಿ.

ಅದು ಹೊಡೆಯುವುದು ಪೊರೆಗೇ. ನಮ್ಮ ಪೊರೆಯ ಹದ ಕಾಯುವ ಸ್ಟೆರಾಲು ಕೊಲೆಸ್ಟರಾಲ್. ಶಿಲೀಂಧ್ರದ್ದು ಎರ್ಗೊಸ್ಟೆರಾಲ್. 1889ರಲ್ಲಿ ಫ್ರಾನ್ಸಿನ ತಾನ್ರೇ ಎಂಬಾತ ರೈ ಧಾನ್ಯದ ಎರ್ಗಟ್ ರೋಗದ ಕಾಳಿನಿಂದ ಅದನ್ನು ಬೇರ್ಪಡಿಸಿದ್ದ. ಆಂಫೊಟೆರಿಸಿನ್ ಹೋಗಿ ಎರ್ಗೊಸ್ಟೆರಾಲನ್ನು ಹಿಡಿದುಕೊಳ್ಳುತ್ತದೆ. ಪೊರೆಗೆ ತೂತು ಮಾಡುತ್ತದೆ ಎಂದು ಬಹುಕಾಲ ನಂಬಿದ್ದರು. ಸ್ಪಂಜಿನಂತೆ ಎರ್ಗೊಸ್ಟೆರಾಲನ್ನೇ ಹೀರಿ ತೆಗೆಯುತ್ತದೆ ಎಂದು 2014ರ ಒಂದು ಸಂಶೋಧನೆ ತೋರಿಸಿದೆ. ಕೊಲೆಸ್ಟರಾಲೂ ಎರ್ಗೊಸ್ಟೆರಾಲೂ ಅಣ್ಣತಮ್ಮಂದಿರಂತೆ ಇರುವುದರಿಂದ ಔಷಧ ಕೆಲವೊಮ್ಮೆ ನಮ್ಮ ಮೂತ್ರಪಿಂಡವನ್ನೂ ಕಾಡುತ್ತದೆ. ಶಿಲೀಂಧ್ರ ನಮಗೆ ಬ್ಯಾಕ್ಟೀರಿಯಾಕ್ಕಿಂತ ಹತ್ತಿರದ ನೆಂಟ. ನೆಂಟನನ್ನು ಕೊಂದು ನಾವು ಉಳಿಯುವ ಔಷಧಗಳು ಕಡಿಮೆ.

ಇದೇ ಪಾಲಿಯೀನ್ ಗುಂಪಿನ ಒಂದು ಔಷಧ ನಮ್ಮವರದ್ದೂ ಇದೆ. ಮೈಸೂರು ಸೀಮೆಯ ಶಿಲೀಂಧ್ರ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಪುಣೆ ಹತ್ತಿರದ ಪಿಂಪ್ರಿಯ ಹಿಂದುಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿದ್ದಾಗ, ಸಂಗಡಿಗರೊಂದಿಗೆ 1961ರಲ್ಲಿ ಹ್ಯಾಮೈಸಿನ್ ಪ್ರಕಟಿಸಿದರು. ಮೊದಲ ಎರಡಕ್ಷರ ಕಂಪನಿಯದ್ದು. ಬೆಳಗಾವಿಯಿಂದ ಪುಣೆ ಹೆದ್ದಾರಿ ಹಿಡಿದು ಹೋದರೆ ಸಿಗುವ ಊರಿನಲ್ಲಿ, ಸರಕಾರಿ ಕಾರ್ಖಾನೆಯಲ್ಲಿ, ಅರವತ್ತು ವರ್ಷ ಹಿಂದೆ ಇಂಥದ್ದು ಆಗಿತ್ತು ಎಂಬುದು 2021ರಲ್ಲಿ ಬಹಳ ಜನರಿಗೆ ಗೊತ್ತಿರಲಿಲ್ಲ.

ತಿಪ್ಪೆಗೂ ಆಸ್ಪತ್ರೆಗೂ ಇರುವ ನಂಟು ತಾಪಮಾನದ್ದೇ. ಲಕ್ಷಾಂತರ ಶಿಲೀಂಧ್ರಗಳ ನಡುವೆ ನಾವು ಬದುಕಿದ್ದೇವೆ, ಅವುಗಳಲ್ಲಿ ನಮ್ಮನ್ನು ಕೊಲ್ಲಬಲ್ಲವು ಬಹಳ ಕಡಿಮೆ. ಒಂದು ಕಾರಣ ನಮ್ಮ 37 ಡಿಗ್ರಿಯ ಮೈ ಬಿಸಿ. 2009ರಲ್ಲಿ ರಾಬರ್ಟ್ ಮತ್ತು ಕಾಸಡೆವಾಲ್ ಸಾವಿರಾರು ಶಿಲೀಂಧ್ರ ತಳಿಗಳ ಲೆಕ್ಕ ಹಾಕಿದರು. 30ರಿಂದ 40ರ ನಡುವೆ ಒಂದೊಂದು ಡಿಗ್ರಿ ಏರಿದಂತೆ ಸುಮಾರು ಶೇಕಡ 6ರಷ್ಟು ತಳಿಗಳು ಉದುರಿಹೋಗುತ್ತವೆ. ಮೈ ಬಿಸಿಯೇ ನಮಗೆ ಬೇಲಿ. ತಿಪ್ಪೆಯಲ್ಲಿ ಪಳಗಿದವನಿಗೆ ಈ ಬೇಲಿ ಬೇಲಿಯಲ್ಲ. ಅದೇ ವರ್ಷ ಜಪಾನಿನಲ್ಲಿ ಮೊದಲ ಬಾರಿ ವರ್ಣಿಸಲಾದ ಕ್ಯಾಂಡಿಡಾ ಆರಿಸ್, ಆಮೇಲೆ ಭಾರತದ ಆಸ್ಪತ್ರೆಗಳನ್ನೂ ಕಾಡಿತು. ಅದು ಭೂಮಿಯ ತಾಪ ಏರಿದಂತೆ ಬಿಸಿಗೆ ಪಳಗಿ ಬಂದದ್ದಿರಬಹುದು ಎಂದು 2019ರಲ್ಲಿ ಕಾಸಡೆವಾಲ್ ಮತ್ತು ಸಂಗಡಿಗರು ಒಂದು ಊಹೆ ಮುಂದಿಟ್ಟಿದ್ದಾರೆ. ಊಹೆ ಇನ್ನೂ ಊಹೆಯೇ.

ಊಹೆಯಲ್ಲದ್ದು ಆಸ್ಪರ್ಜಿಲಸ್ ಫ್ಯೂಮಿಗೇಟಸ್. ಇದು ಕೂನಿ–ಎಮರ್ಸನ್ ಗೆರೆಯ ಪ್ರಕಾರ ಅಪ್ಪಟ ಬಿಸಿ ಪ್ರಿಯವಲ್ಲ, ತಂಪಿನಲ್ಲೂ ಬೆಳೆಯುತ್ತದೆ. ಆದರೆ 50 ಡಿಗ್ರಿಯ ತಿಪ್ಪೆಯಲ್ಲೂ ಹಾಯಾಗಿರುತ್ತದೆ, ಅಂದರೆ ಪೊರೆಯ ಹದವನ್ನು ಎರಡೂ ಕಡೆ ಎಳೆಯಬಲ್ಲ ಜಾಣ. ತಿಪ್ಪೆ ಮಗುಚಿದಾಗ ಹಬೆಯ ಜೊತೆ ಹಾರುವ ಹಸಿರುಬೂದಿ ಬೀಜಕಗಳಲ್ಲಿ ಅದರದ್ದೂ ಇರುತ್ತವೆ. ಆರೋಗ್ಯವಂತರ ಎದೆ ಅದನ್ನು ತಡೆಯುತ್ತದೆ. ಕ್ಷಯದಿಂದ ಹಳೆಯ ಗಾಯವಿರುವ ಶ್ವಾಸಕೋಶವಾದರೆ, ಅಥವಾ ರೋಗನಿರೋಧ ಕುಗ್ಗಿದ್ದರೆ, ಅದು ಅಲ್ಲೇ ಬೇರು ಬಿಡುತ್ತದೆ. ಅದಕ್ಕೆ ಕೊಡುವ ಗುಳಿಗೆಗಳು ಏಜೋಲ್ ಗುಂಪಿನವು. ಎರ್ಗೊಸ್ಟೆರಾಲ್ ತಯಾರಾಗುವುದನ್ನೇ ತಡೆಯುವ ಔಷಧಗಳು. ಅದೇ ಗುಂಪಿನ ಔಷಧಗಳನ್ನು ದ್ರಾಕ್ಷಿಯ ಬೂದಿರೋಗಕ್ಕೆ, ಗೋಧಿಯ ತುಕ್ಕಿಗೆ, ಭತ್ತಕ್ಕೆ ಸಿಂಪಡಿಸುತ್ತಾರೆ. ಸಿಂಪಡಿಸಿದ ಗಿಡದ ಕಸ ರಾಶಿಗೆ ಬರುತ್ತದೆ, ರಾಶಿಯಲ್ಲಿ ಔಷಧದ ಅಂಶ ಉಳಿದಿರುತ್ತದೆ, ಅದನ್ನು ತಿಂದೂ ಉಳಿದ ಬೂಷ್ಟಿಗೆ ಮುಂದೆ ಆಸ್ಪತ್ರೆಯ ಗುಳಿಗೆಯೂ ಏನೂ ಮಾಡುವುದಿಲ್ಲ. ಹೀಗೆ ಔಷಧಕ್ಕೆ ಬಗ್ಗದ ತಳಿಗಳು ಮೊದಲು ನೆದರ್‌ಲ್ಯಾಂಡ್ಸ್‌ನಲ್ಲಿ ದೊಡ್ಡ ಸುದ್ದಿಯಾದವು. 2012ರಲ್ಲಿ ಅನುರಾಧಾ ಚೌಧರಿ ಮತ್ತು ಸಂಗಡಿಗರು ಭಾರತದಲ್ಲೂ ಅಂಥದೇ ತಳಿಯನ್ನು ವರದಿ ಮಾಡಿದರು. ಅವರಿಗೆ ಅದು ಸಿಕ್ಕಿದ್ದು ಭತ್ತದ ಗದ್ದೆಯ ಮಣ್ಣಿನಲ್ಲಿ, ಚಹಾ ತೋಟದಲ್ಲಿ, ಹೂವಿನ ಕುಂಡದಲ್ಲಿ, ಆಸ್ಪತ್ರೆಯ ಗಾಳಿಯಲ್ಲಿ.